ವೈರಾಣುವಿಗೆ ಮದ್ದು, ನಾಡಿಗೆ ಕುತ್ತು

2021ರ ಏಪ್ರಿಲ್, ಮೇ ತಿಂಗಳಲ್ಲಿ ಕೋವಿಡ್ ಮದ್ದಾದ ರೆಮ್‌ಡೆಸಿವಿರ್‌ನ ಒಂದು ಸೀಸೆಗಾಗಿ ಜನ ಪಟ್ಟ ಪಾಡನ್ನು ಬೆಂಗಳೂರು ಮರೆತಿರಲಾರದು. ಕೇಂದ್ರ ಸರ್ಕಾರ ರಫ್ತನ್ನೇ ನಿಷೇಧಿಸಿತ್ತು, ಕಾಳಸಂತೆಯಲ್ಲಿ ಮಾರುವವರನ್ನು ಪೊಲೀಸರು ಹಿಡಿಯುತ್ತಿದ್ದರು. ಮದ್ದು ಸಿಕ್ಕಿತೇ ಎಂಬುದೊಂದೇ ಪ್ರಶ್ನೆ. ಸಿಕ್ಕಿ, ರಕ್ತನಾಳಕ್ಕೆ ಇಳಿದ ಮೇಲೆ ರೋಗಿಯ ಎದೆಬಡಿತ ಎಷ್ಟಿದೆ ಎಂದು ಮತ್ತೆ ಮತ್ತೆ ನೋಡುವಷ್ಟು ವ್ಯವಧಾನ ಎಷ್ಟು ವಾರ್ಡುಗಳಲ್ಲಿ ಉಳಿದಿತ್ತು?

ನೋಡಬೇಕಾದ ಕಾರಣವಂತೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಗೆ ದೇಶದೇಶಗಳಿಂದ ಬರುವ ಅಡ್ಡಪರಿಣಾಮಗಳ ವರದಿಗಳು ವಿಜಿಬೇಸ್ ಎಂಬ ಸಂಗ್ರಹದಲ್ಲಿ ಸೇರುತ್ತವೆ. ಫ್ರಾನ್ಸಿನ ಸಂಶೋಧಕರು ಅದನ್ನು ಜಾಲಾಡಿ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ರೆಮ್‌ಡೆಸಿವಿರ್ ಪಡೆದವರ ಹೃದಯ ಸಂಬಂಧಿ ವರದಿಗಳು 302. ಅವುಗಳಲ್ಲಿ 94 ಒಂದೇ ಬಗೆಯವು: ಬಡಿತ ನಿಧಾನವಾಗುವ ಬ್ರಾಡಿಕಾರ್ಡಿಯಾ. ಆ 94ರಲ್ಲಿ 16 ಮಂದಿ ಬದುಕಲಿಲ್ಲ. ವರದಿ ಬಂದ ಮಾತ್ರಕ್ಕೆ ಮದ್ದೇ ಅಪರಾಧಿಯಲ್ಲ, ಕೋವಿಡ್ ತಾನೇ ಬಡಿತ ತಗ್ಗಿಸಬಲ್ಲದು. ಆದರೆ ಅದೇ ಕೋವಿಡ್‌ಗೆ ಬೇರೆ ಮದ್ದು ಪಡೆದವರೊಂದಿಗೆ ಹೋಲಿಸಿದಾಗಲೂ ಇಲ್ಲಿ ಬ್ರಾಡಿಕಾರ್ಡಿಯಾದ ಪಾಲು ಹೆಚ್ಚೇ ಇತ್ತು. ಯುರೋಪಿನ ಔಷಧ ನಿಯಂತ್ರಕರು ಅದನ್ನು ಮದ್ದಿನ ಮಾಹಿತಿಪತ್ರಕ್ಕೆ ಸೇರಿಸಿದರು.

ಕಾರಣದ ಬಗ್ಗೆ ಒಂದು ಬಲವಾದ ಊಹೆಯಿದೆ. ರೆಮ್‌ಡೆಸಿವಿರ್ ದೇಹದಲ್ಲೇ ಇರುವ ಅಡೆನೊಸಿನ್‌ನ ವೇಷ ಹಾಕಿದ ಅಣು. ವೈರಾಣು ತನ್ನ ಪ್ರತಿ ತೆಗೆಯುವಾಗ ಅಸಲಿ ಎಂದು ನಂಬಿ ಅದನ್ನು ಪೋಣಿಸಿಕೊಂಡು ಕೆಡುತ್ತದೆ. ಆದರೆ ಅಡೆನೊಸಿನ್‌ಗೆ ಗುಂಡಿಗೆಯಲ್ಲೂ ಕೆಲಸವಿದೆ. ಹುಚ್ಚೆದ್ದು ಓಡುವ ಎದೆಬಡಿತಕ್ಕೆ ಕಡಿವಾಣ ಹಾಕಲು ತುರ್ತು ವಿಭಾಗದಲ್ಲಿ ಚುಚ್ಚುವುದೂ ಅದನ್ನೇ. ಆ ಅಡೆನೊಸಿನ್ ಕೆಲವೇ ಸೆಕೆಂಡುಗಳಲ್ಲಿ ಕರಗಿಹೋಗುತ್ತದೆ. ರೆಮ್‌ಡೆಸಿವಿರ್‌ನಿಂದ ರಕ್ತದಲ್ಲಿ ಉಳಿಯುವ ಅಣು ಅರ್ಧಕ್ಕಿಳಿಯಲು ಸುಮಾರು 27 ಗಂಟೆ ಬೇಕು. ಮದ್ದು ನಿಲ್ಲಿಸಿದರೆ ಹೆಚ್ಚಿನವರ ನಾಡಿ ಸರಿಹೋಗುತ್ತದೆ. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಅನ್ನು ಮೊದಲೇ ನುಂಗುತ್ತಿದ್ದು, ಅದನ್ನು ಯಾರಿಗೂ ಹೇಳದ ಅಜ್ಜನ ಪಾಡು ಬೇರೆ.

ನನ್ನ ಭಯ ಇರುವುದು ಇಲ್ಲಿಯೇ. ಹೊಸ ಮದ್ದು ಹಳೆಯ ಮಾತ್ರೆಯನ್ನು ಸಂಧಿಸುವ ಜಾಗದಲ್ಲಿ. 2015ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ಹೆಪಟೈಟಿಸ್ ಸಿ ಮದ್ದು ಸೊಫೊಸ್ಬುವಿರ್ ಬಗ್ಗೆ ಎಚ್ಚರಿಸಿತು. ಇನ್ನೊಂದು ವೈರಾಣು ನಿರೋಧಕದ ಜೊತೆಗೆ ಅದನ್ನು ಪಡೆಯುತ್ತಿದ್ದ, ಹೃದಯದ ಲಯ ತಿದ್ದಲು ಅಮಿಯೊಡರೋನ್ ಕೂಡ ನುಂಗುತ್ತಿದ್ದ 9 ರೋಗಿಗಳ ಬಡಿತ ಅಪಾಯದ ಮಟ್ಟಕ್ಕೆ ಕುಸಿದಿತ್ತು. ಒಬ್ಬರು ಹೃದಯಸ್ತಂಭನದಿಂದ ಸತ್ತರು, ಮೂವರಿಗೆ ಪೇಸ್‌ಮೇಕರ್ ಕೂರಿಸಬೇಕಾಯಿತು. ಆರು ಪ್ರಕರಣಗಳು ಮೊದಲ 24 ಗಂಟೆಯೊಳಗೇ ನಡೆದಿದ್ದವು. ಅಮಿಯೊಡರೋನ್ ದೇಹದ ಕೊಬ್ಬಿನಲ್ಲಿ ಅವಿತು ತಿಂಗಳುಗಟ್ಟಲೆ ಉಳಿಯುವುದರಿಂದ, ಕಳೆದ ತಿಂಗಳೇ ನಿಲ್ಲಿಸಿದ್ದೇನೆ ಎನ್ನುವವರಿಗೂ ಅಪಾಯ ತಪ್ಪಿದ್ದಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಮ್ಮಲ್ಲೂ ಸೊಫೊಸ್ಬುವಿರ್ ಉಚಿತ. ಒಳ್ಳೆಯದೇ. ಲಕ್ಷಗಟ್ಟಲೆ ಯಕೃತ್ತುಗಳನ್ನು ಉಳಿಸಬಲ್ಲ ಮದ್ದದು.

ರಿಟೊನವಿರ್‌ನದು ಇನ್ನೂ ಗುಟ್ಟಿನ ದಾರಿ; ಬೇರೆ ವೈರಾಣು ನಿರೋಧಕಗಳ ಜೊತೆ ಕೊಡುವ ಮದ್ದದು. ಅದು ಯಕೃತ್ತಿನ ಕಿಣ್ವವೊಂದನ್ನು ಕಟ್ಟಿಹಾಕುತ್ತದೆ, ಹಾಗಾಗಿ ಅಮಿಯೊಡರೋನ್, ಟಿಕಾಗ್ರೆಲಾರ್‌ನಂಥವು ರಕ್ತದಲ್ಲಿ ಏರುತ್ತವೆ. ಕ್ಲೊಪಿಡೊಗ್ರೆಲ್‌ನ ವಿಷಯದಲ್ಲಿ ತಿರುವುಮುರುವು: ರಕ್ತ ಹೆಪ್ಪುಗಟ್ಟದಂತೆ ತಡೆಯುವ, ದೇಹ ಸಂಸ್ಕರಿಸಿದ ಮೇಲಷ್ಟೇ ಕೆಲಸ ಮಾಡುವ ಆ ಮಾತ್ರೆ ಸೊರಗುತ್ತದೆ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಇದರ ಅರ್ಥವೇನೆಂದು ಹೃದ್ರೋಗ ತಜ್ಞರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಜ್ವರದ ವಾರ್ಡಿನಲ್ಲಿ ಚೀಟಿ ಬರೆಯುವವರು ಅವರಲ್ಲವಲ್ಲ!

ಮುಂದಿನ ಸಾಂಕ್ರಾಮಿಕದಲ್ಲೂ ಮೊದಲು ಕೈಗೆ ಬರುವುದು ಇಂಥವೇ ವೈರಾಣು ನಿರೋಧಕ ಅಣುಗಳು, ಅದೂ ಅವಸರದ ಅನುಮತಿಯೊಂದಿಗೆ. 2012ರಲ್ಲಿ ಬಿಎಂಎಸ್-986094 ಎಂಬ ಹೆಪಟೈಟಿಸ್ ಸಿ ಮದ್ದಿನ ಪ್ರಯೋಗ ನಿಂತದ್ದು ಒಬ್ಬರಿಗೆ ಹೃದಯ ವೈಫಲ್ಯ ಕಾಣಿಸಿಕೊಂಡ ಮೇಲೆ; ಅವರು ನಂತರ ಸತ್ತರು. ಅಲ್ಲಿ ಪ್ರಯೋಗದ ಕಣ್ಗಾವಲಿತ್ತು, ತಿಳಿಯಿತು. ಕಿಕ್ಕಿರಿದ ವಾರ್ಡಿನಲ್ಲಿ ಆ ಕಣ್ಣಿರುವುದಿಲ್ಲ, ಮಲಗಿರುವವರಲ್ಲಿ ಬಿಪಿ ಮತ್ತು ಹೃದ್ರೋಗದ ಮಾತ್ರೆ ನುಂಗುವ ವೃದ್ಧರೇ ಹೆಚ್ಚು. ಮೊದಲ ಡೋಸಿಗೆ ಮುನ್ನ ಒಂದು ಇಸಿಜಿ, ಪೊಟ್ಯಾಸಿಯಂ ಪರೀಕ್ಷೆ, ಮನೆಯಿಂದ ತಂದ ಮಾತ್ರೆಗಳ ಚೀಲ ಮೇಜಿನ ಮೇಲೆ ಸುರಿದು ನೋಡುವ ತಾಳ್ಮೆ. ಇವು ದುಬಾರಿಯಲ್ಲ, ಆದರೆ ಗದ್ದಲದಲ್ಲಿ ಮೊದಲು ಬಿಟ್ಟುಹೋಗುವುದೂ ಇವೇ.

ಎರಡನೆಯ ತೊಡಕು ಲೆಕ್ಕದ್ದು. ವಾರ್ಡಿನಲ್ಲಿ ಸತ್ತವರ ಬಗ್ಗೆ ವಯಸ್ಸಾಗಿತ್ತು, ಸೋಂಕು ತೀವ್ರವಾಗಿತ್ತು ಎಂದು ಬರೆದು ಕಡತ ಮುಚ್ಚಿದರೆ ಅನುಮಾನ ಅಲ್ಲೇ ಹೂತುಹೋಗುತ್ತದೆ. ವಿಜಿಬೇಸ್‌ಗೆ ಭಾರತದ ವರದಿಗಳನ್ನು ಕಳಿಸುವುದು ಗಾಜಿಯಾಬಾದ್‌ನಲ್ಲಿರುವ ಭಾರತೀಯ ಫಾರ್ಮಕೋಪಿಯಾ ಆಯೋಗ. ಅದರ ಉಚಿತ ಸಹಾಯವಾಣಿ 1800-180-3024. ಕರೆ ಮಾಡಲು ವೈದ್ಯರೇ ಆಗಿರಬೇಕಿಲ್ಲ. ನರ್ಸ್, ರೋಗಿ, ಮನೆಯವರು ಯಾರಾದರೂ ಸರಿ. ಮದ್ದೇ ಕಾರಣವೆಂದು ಸಾಬೀತುಮಾಡುವ ಹೊಣೆ ಅವರದಲ್ಲ, ಅನುಮಾನವಷ್ಟೇ ಸಾಕು.