ಹ್ಯಾಂಡಲ್ ಟಕ್ ಟಕ್, ಚೈನ್ ಕರ ಕರ: ಸೈಕಲ್‌ಗೆ ಹೊಸ ಪಾರ್ಟ್ ಹಾಕುವ ಮೊದಲು ಇಷ್ಟು ಅಳತೆ ನೋಡಿ

ಗೋಕಾಕ: ‘ಚೈನ್ ಪದೇ ಪದೇ ಬೀಳ್ತೈತಿ, ಹೊಸಾದು ಹಾಕಿ ಕೊಡ್ರಿ’ ಎಂದು ಸೈಕಲ್ ಅಂಗಡಿಗೆ ಬರುವವರು ಬಹಳ. ಹೊಸ ಚೈನ್ ಹಾಕಿದ ಮೇಲೂ ಅದು ಬಿದ್ದರೆ ದೋಷ ಚೈನ್‌ನದ್ದಲ್ಲ, ಚೈನ್ ಓಡುವ ಸಾಲಿನದ್ದು. ಹ್ಯಾಂಡಲ್ ಕಥೆಯೂ ಹಾಗೇ. ಕಪ್ ಬದಲಿಸಿದರೂ ಟಕ್ ಟಕ್ ನಿಲ್ಲಲಿಲ್ಲ ಎಂದರೆ ಅಳತೆ ತಪ್ಪಿದೆ ಎಂದೇ ತಿಳಿಯಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಇದು ಬರೀ ಸಪ್ಪಳದ ಪ್ರಶ್ನೆ ಅಲ್ಲ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಪಕ್ಕದಲ್ಲೇ ಶಾಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅಲ್ಲಿ ನಿಂತು ಪೆಡಲ್ ಒತ್ತಿದಾಗ ಚೈನ್ ಬಿದ್ದರೆ ಸವಾರನೂ ಬಿದ್ದಂತೆಯೇ.

ಟ್ರಯಲ್ಸ್ ಸೈಕಲ್‌ನಲ್ಲಿ ಬೇಗ ಗೊತ್ತಾಗುತ್ತದೆ

ಸ್ಕಾಟ್ಲೆಂಡ್‌ನ ಡ್ಯಾನಿ ಮ್ಯಾಕ್‌ಆಸ್ಕಿಲ್ ಅವರ 2009ರ ವಿಡಿಯೊ ಬಂದಾಗಿನಿಂದ ಗೋಡೆ, ಬಂಡೆ ಮೇಲೆ ಸೈಕಲ್ ಹಾರಿಸುವ ಟ್ರಯಲ್ಸ್ ಆಟ ಮೊಬೈಲ್ ಮೂಲಕ ಎಲ್ಲ ಕಡೆ ಮುಟ್ಟಿದೆ. ನಿಜವಾದ ಟ್ರಯಲ್ಸ್ ಸೈಕಲ್‌ಗೆ ಬಹುತೇಕ ಸೀಟೇ ಇರುವುದಿಲ್ಲ. ಮುಂದೆ 18 ಹಲ್ಲು, ಹಿಂದೆ 12 ಅಥವಾ 15 ಹಲ್ಲಿನ ಸಣ್ಣ ಚಕ್ರ ಸಾಮಾನ್ಯ. ಹಲವು ಸೈಕಲ್‌ಗಳಲ್ಲಿ ಫ್ರೀವೀಲ್ ಹಿಂದಿನ ಗಾಲಿಯಲ್ಲಿ ಇರದೆ ಪೆಡಲ್ ಕ್ರ್ಯಾಂಕ್ ಮೇಲೇ ಇರುತ್ತದೆ. ಮುಂದಿನ ಹಲ್ಲುಚಕ್ರ ಸಣ್ಣದಾದಷ್ಟೂ ಚೈನ್ ಮೇಲೆ ಎಳೆತ ಹೆಚ್ಚು. ಹೀಗಾಗಿ ಸಾಲು ತಪ್ಪಿದ್ದರೆ ಒಂದೇ ಜಿಗಿತದಲ್ಲಿ ಗೊತ್ತಾಗುತ್ತದೆ.

ಸಾದಾ ಸೈಕಲ್‌ನಲ್ಲಿ ಅದೇ ದೋಷ ತಿಂಗಳುಗಟ್ಟಲೆ ಅಡಗಿರುತ್ತದೆ. ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ 8ನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್ ಇರಲಿ, ಗೇರ್ ಇಲ್ಲದ ಎಂಟಿಬಿ ಇರಲಿ, ನಿಯಮ ಒಂದೇ.

ಹೆಡ್‌ಸೆಟ್: ಅರ್ಧ ಮಿಲಿಮೀಟರ್ ಆಟ

ಫ್ರೇಮಿನ ಮುಂದಿನ ನಳಿಗೆಯಲ್ಲಿ ಚಿಮಟಾ, ಅಂದರೆ ಫೋರ್ಕ್, ಸಲೀಸಾಗಿ ತಿರುಗಲು ಕೂರಿಸುವ ಕಪ್, ಕೋನ್, ಬೇರಿಂಗ್ ಗುಂಡುಗಳ ಜೋಡಣೆಯೇ ಹೆಡ್‌ಸೆಟ್.

ಪರೀಕ್ಷೆ ಸರಳ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ ಹಿಂದೆ ಮುಂದೆ ಅಲುಗಾಡಿಸಿ. ಇನ್ನೊಂದು ಕೈ ಬೆರಳು ಕಪ್ ಸಂದಿಯ ಮೇಲೆ ಇರಲಿ. ಬೆರಳಿಗೆ ಟಕ್ ಎಂದು ತಾಗಿದರೆ ಸಡಿಲ ಇದೆ. ನಂತರ ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಗುಳಿಗೆ ಬಿದ್ದಂತೆ ತಡೆದರೆ ಕಪ್ ಸವೆದಿದೆ, ಬದಲಿಸಲೇಬೇಕು.

ಬದಲಿಸುವಾಗ ವರ್ನಿಯರ್ ಕೈಯಲ್ಲಿರಲಿ. 1 ಇಂಚಿನ ಹೆಡ್‌ಸೆಟ್‌ನಲ್ಲಿ ಚಿಮಟಾ ಮೇಲೆ ಕೂರುವ ರಿಂಗ್ 26.4 ಮಿ.ಮೀ. ಮತ್ತು 27.0 ಮಿ.ಮೀ. ಎಂದು ಎರಡು ಅಳತೆಯಲ್ಲಿ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. 27.0 ರಿಂಗನ್ನು 26.4 ಚಿಮಟಾಗೆ ಹಾಕಿದರೆ ಎಷ್ಟು ಬಿಗಿ ಮಾಡಿದರೂ ಅಲುಗಾಟ ಹೋಗುವುದಿಲ್ಲ. ಫ್ರೇಮಿಗೆ ಕೂರುವ ಕಪ್‌ನಲ್ಲೂ 30.0 ಮತ್ತು 30.2 ಎಂಬ ವ್ಯತ್ಯಾಸ ಇದೆ. ಹಳೇ ಕಪ್, ಹಳೇ ರಿಂಗ್ ಎಸೆಯದೆ ಅಂಗಡಿಗೆ ಒಯ್ದು ಅಳತೆ ಕೂಡಿಸಿ ನೋಡುವುದು ಉತ್ತಮ.

ಕಪ್‌ಗೆ ಸುತ್ತಿಗೆ ಪೆಟ್ಟು ಬೇಡ. ಒಂದು ಬದಿ ಪೆಟ್ಟು ಬಿದ್ದರೆ ಕಪ್ ಸೊಟ್ಟ ಕೂರುತ್ತದೆ, ನಳಿಗೆಯ ಬಾಯಿ ಅಗಲವಾಗುತ್ತದೆ. ಉದ್ದನೆಯ ತ್ರೆಡ್ ರಾಡ್, ಎರಡು ದಪ್ಪ ವಾಷರ್, ಎರಡು ನಟ್ ಇದ್ದರೆ ಸಾಕು. ಮೇಲೆ ಕೆಳಗೆ ವಾಷರ್ ಇಟ್ಟು ಪಾನಾದಿಂದ ಬಿಗಿ ಮಾಡುತ್ತ ಹೋದರೆ ಕಪ್ ನೆಟ್ಟಗೆ ಕೂರುತ್ತದೆ. ಗ್ರೀಸ್ ಧಾರಾಳವಾಗಿ ಹಚ್ಚಿ. ಬಿಡಿ ಗುಂಡುಗಳನ್ನು ತುರುಕಬೇಡಿ, ಒಂದು ಗುಂಡಿನಷ್ಟು ಜಾಗ ಖಾಲಿ ಬಿಡಿ.

ತ್ರೆಡ್ ಇರುವ ಹಳೇ ಮಾದರಿಯಲ್ಲಿ ಕೋನ್ ಅನ್ನು ಕೈಯಿಂದ ಪೂರ್ತಿ ಬಿಗಿ ಮಾಡಿ, ತುಸು ಹಿಂದಕ್ಕೆ ತಿರುಗಿಸಿ, ಅದು ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿಯಿರಿ. ತ್ರೆಡ್ ಇಲ್ಲದ ಹೊಸ ಮಾದರಿಯಲ್ಲಿ ಹಲವರು ತಪ್ಪುವುದು ಕ್ರಮದಲ್ಲಿ. ಮೊದಲು ಸ್ಟೆಮ್ ಬದಿಯ ಬೋಲ್ಟ್ ಸಡಿಲಿಸಿ, ಮೇಲಿನ ಕ್ಯಾಪ್ ಬೋಲ್ಟ್‌ನಿಂದ ಅಲುಗಾಟ ತೆಗೆಯಬೇಕು. ಹ್ಯಾಂಡಲ್ ನೇರ ಮಾಡಿದ ಮೇಲೆ ಬದಿಯ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಬಿಗಿಯಬೇಕು. ಕ್ಯಾಪ್ ಕೆಲಸ ಅಲುಗಾಟ ತೆಗೆಯುವುದಷ್ಟೇ, ಹ್ಯಾಂಡಲ್ ಹಿಡಿದಿಡುವುದು ಬದಿಯ ಬೋಲ್ಟ್‌ಗಳು. ಚಿಮಟಾದ ನಳಿಗೆಯಲ್ಲಿ ಬಿರುಕು ಕಂಡರೆ ವೆಲ್ಡಿಂಗ್ ಬೇಡ, ಚಿಮಟಾವನ್ನೇ ಬದಲಿಸಿ.

ಚೈನ್ ಸಾಲು: ಅಳೆಯುವುದು ಹೀಗೆ

ಫ್ರೇಮಿನ ನಡುಗೆರೆಯಿಂದ ಮುಂದಿನ ಹಲ್ಲುಚಕ್ರ ಎಷ್ಟು ದೂರವೋ ಹಿಂದಿನದೂ ಅಷ್ಟೇ ದೂರ ಇರಬೇಕು. ಇದೇ ಚೈನ್ ಲೈನ್.

ಅಳೆಯುವ ಮೊದಲು ಎರಡು ಸಂಗತಿ ನೋಡಿ. ಹಿಂದಿನ ಗಾಲಿ ಫ್ರೇಮಿನ ನಡುವೆ ನೆಟ್ಟಗೆ ಕೂತಿದೆಯೇ? ಪೆಡಲ್ ತಿರುಗಿಸಿದಾಗ ಮುಂದಿನ ಚಕ್ರ ಅತ್ತಿತ್ತ ಓಲಾಡುತ್ತದೆಯೇ? ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ, ಖರ್ಚೂ ಇಲ್ಲ.

ಮುಂದಿನ ಲೆಕ್ಕಕ್ಕೆ ಸೀಟಿನ ಕೆಳಗಿನ ನಳಿಗೆಯ ಅರ್ಧ ದಪ್ಪಕ್ಕೆ, ನಳಿಗೆಯ ಹೊರಮೈಯಿಂದ ಹಲ್ಲಿನ ನಡುವಿನ ತನಕದ ಅಂತರ ಕೂಡಿಸಿ. ಉದಾಹರಣೆಗೆ ನಳಿಗೆ 28.6 ಮಿ.ಮೀ. ಇದ್ದರೆ ಅರ್ಧ 14.3. ಅಂತರ 28 ಇದ್ದರೆ ಒಟ್ಟು 42.3 ಮಿ.ಮೀ. ಹಿಂದಿನದಕ್ಕೆ ಹಬ್‌ನ ಎರಡು ಲಾಕ್ ನಟ್‌ಗಳ ಹೊರಮೈ ನಡುವಿನ ಅಗಲ ತೆಗೆದುಕೊಳ್ಳಿ. ಅದು 110 ಮಿ.ಮೀ. ಇದ್ದರೆ ಅರ್ಧ 55. ಲಾಕ್ ನಟ್ ಹೊರಮೈಯಿಂದ ಹಲ್ಲಿನ ನಡುವಿಗೆ 14.7 ಇದ್ದರೆ ಕಳೆಯಿರಿ, ಉಳಿದದ್ದು 40.3. ಅಂದರೆ ಹಿಂದಿನ ಚಕ್ರ 2 ಮಿ.ಮೀ. ಒಳಗಿದೆ.

ಇಂಥಲ್ಲಿ ತ್ರೆಡ್ ಫ್ರೀವೀಲ್ ಹಿಂದೆ ತೆಳುವಾದ ಸ್ಪೇಸರ್ ಹಾಕಿ ಹೊರಗೆ ತರಬಹುದು. ಆದರೆ ಫ್ರೀವೀಲ್‌ಗೆ ಹಿಡಿಯಲು ತ್ರೆಡ್ ಸಾಕಷ್ಟು ಉಳಿಯಬೇಕು, ಹೀಗಾಗಿ 1 ಮಿ.ಮೀ.ಗಿಂತ ಮುಂದೆ ಹೋಗದಿರುವುದು ಲೇಸು. ಉಳಿದದ್ದನ್ನು ಮುಂದಿನ ಚಕ್ರ ಒಳಗೆ ತಂದು ಸರಿಪಡಿಸಬೇಕು. ಎರಡೂ ಬದಿ ಸಮ ಇರುವ ಬಾಟಮ್ ಬ್ರಾಕೆಟ್ ಆಕ್ಸಲ್ 2 ಮಿ.ಮೀ. ಗಿಡ್ಡದಾದರೆ ಮುಂದಿನ ಚಕ್ರ 1 ಮಿ.ಮೀ. ಒಳಗೆ ಬರುತ್ತದೆ. ಹಾಕಿದ ಮೇಲೆ ಹಲ್ಲು, ಕ್ರ್ಯಾಂಕ್ ಫ್ರೇಮಿಗೆ ತಾಗುವುದಿಲ್ಲ ಎಂದು ತಿರುಗಿಸಿ ನೋಡಿ. ಹಿಂದಿನ ಆಕ್ಸಲ್‌ನ ವಾಷರ್ ಬದಿ ಬದಲಿಸಿದರೂ ಸಾಲು ಸರಿಯುತ್ತದೆ. ಆದರೆ ಆಗ ರಿಮ್ ಕೂಡ ಒಂದು ಬದಿಗೆ ಸರಿಯುವುದರಿಂದ ಸ್ಪೋಕ್ ಎಳೆದು ಮತ್ತೆ ನಡುವಿಗೆ ತರಲೇಬೇಕು.

ವರ್ನಿಯರ್ ಇಲ್ಲದವರು ಉದ್ದನೆಯ ನೇರ ಪಟ್ಟಿಯನ್ನು ಮುಂದಿನ ಹಲ್ಲುಚಕ್ರದ ಮೈಗೆ ಒತ್ತಿ ಹಿಂದಕ್ಕೆ ಹಿಡಿದರೂ ಸಾಲು ಎತ್ತ ತಪ್ಪಿದೆ ಎಂದು ಕಾಣುತ್ತದೆ.

ಅಂಗಡಿಯವರು, ಗಿರಾಕಿಗಳು ನೆನಪಿಡಬೇಕಾದದ್ದು

ಹೊಸ ಹೆಡ್‌ಸೆಟ್ ಕೂರಿಸಿದ ಮೇಲೆ ನಾಲ್ಕೈದು ದಿನ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು, ಕಪ್‌ಗಳು ಇನ್ನಷ್ಟು ಒಳಗೆ ಕೂತಿರುತ್ತವೆ. ಹಲ್ಲುಗಳ ಒಂದೇ ಬದಿ ಉಜ್ಜಿ ಹೊಳೆಯುತ್ತಿದ್ದರೆ ಹೊಸ ಚೈನ್ ಮಾರುವ ಮುಂಚೆ ಸಾಲು ಅಳೆಯಬೇಕು. ಇಲ್ಲದಿದ್ದರೆ ಅದೇ ಗಿರಾಕಿ ಅದೇ ದೂರು ಹೊತ್ತು ಮತ್ತೆ ಬರ್ತಾನೆ. ಮಕ್ಕಳ ಸೈಕಲ್‌ನಲ್ಲಿ ಹ್ಯಾಂಡಲ್ ಪರೀಕ್ಷೆಯನ್ನು ತಂದೆ ತಾಯಿಯೇ ತಿಂಗಳಿಗೊಮ್ಮೆ ಮನೆ ಮುಂದೆ ಮಾಡಬಹುದು. ಎರಡು ನಿಮಿಷದ ಕೆಲಸ, ಪಾನಾ ಕೂಡ ಬೇಕಿಲ್ಲ.