ದಾಳಿಂಬೆ ಒಣಗುತ್ತದೆ, ರೋಗಾಣು ಸಾಯುವುದಿಲ್ಲ

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯ ಒಂದು ಹಳ್ಳಿಯ ರೈತರೊಬ್ಬರು ಮಗನೊಡನೆ ನಮ್ಮ ಮನೆಗೆ ಬಂದಿದ್ದರು. ಮಗ ನನ್ನ ಹಳೆಯ ವಿದ್ಯಾರ್ಥಿ. ಎರಡು ಎಕರೆ ದಾಳಿಂಬೆ ಇದೆ. ಸಿಪ್ಪೆಯ ಮೇಲೆ ಚುಕ್ಕೆ ಬಿದ್ದ ಹಣ್ಣನ್ನು ವ್ಯಾಪಾರಿಗಳು ಮುಟ್ಟುವುದಿಲ್ಲ, ಬಿರುಕು ಬಿಟ್ಟದ್ದನ್ನಂತೂ ಕೇಳುವವರೇ ಇಲ್ಲ. ಕಾಳು ಬಿಡಿಸಿ, ಹಿಮದಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ ಮಾರಿದರೆ ಹೇಗೆ ಎಂಬುದು ಹುಡುಗನ ಯೋಚನೆ. ಸಾಲ ಮಾಡಬೇಕಾದ ತಂದೆಯ ಪ್ರಶ್ನೆ ಬೇರೆ: ‘ಮೇಷ್ಟ್ರೇ, ಆ ಮಿಷನ್ನಿಗೆ ಹಾಕಿದ್ರೆ ಕ್ರಿಮಿಯೆಲ್ಲ ಸತ್ತೋಗ್ತವಂತೆ. ಒಡೆದ ಹಣ್ಣೂ ನಡೀತದಂತೆ. ಹೌದಾ?’

ಹೌದಲ್ಲ. ಅದು ಏಕೆಂದು ತಿಳಿಯಲು ಒಂಬತ್ತನೇ ತರಗತಿಯ ವಿಜ್ಞಾನವೇ ಸಾಕು.

ಕರ್ಪೂರವನ್ನು ತಟ್ಟೆಯಲ್ಲಿ ತೆರೆದಿಟ್ಟರೆ ಕರಗದೆಯೇ ಮಾಯವಾಗುತ್ತದೆ. ಘನವಸ್ತು ದ್ರವವಾಗದೆ ನೇರವಾಗಿ ಆವಿಯಾಗುವ ಇದೇ ಉತ್ಪತನ. ಮಂಜುಗಡ್ಡೆಯಿಂದಲೂ ಇದನ್ನು ಸರಾಗವಾಗಿ ಮಾಡಿಸಬಹುದು, ಆದರೆ ಒತ್ತಡ 4.58 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿರಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 760 ಮಿ.ಮೀ. ಅಂದರೆ ಸುಮಾರು 166ರಲ್ಲಿ ಒಂದು ಪಾಲಿಗೆ ಇಳಿಸಬೇಕಾಯಿತು. ಹಣ್ಣನ್ನು ಸೊನ್ನೆಗಿಂತ 30–40 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟಿಸಿ, ನಿರ್ವಾತ ಕೋಣೆಯಲ್ಲಿಟ್ಟು, ಮೆಲ್ಲಗೆ ಶಾಖ ಕೊಟ್ಟರೆ ಮಂಜು ಆವಿಯಾಗಿ ಹೊರಟುಹೋಗುತ್ತದೆ. ಹಣ್ಣಿನ ಆಕಾರ, ಬಣ್ಣ, ಘಮ ಬಹುಮಟ್ಟಿಗೆ ಉಳಿಯುತ್ತವೆ. ಬಿಸಿಲಲ್ಲಿ ಒಣಗಿಸಿದಂತೆ ಸುಕ್ಕುಗಟ್ಟುವುದಿಲ್ಲ. ಪೆರು ದೇಶದ ಪರ್ವತವಾಸಿಗಳು ರಾತ್ರಿಯ ಹಿಮ, ಹಗಲಿನ ಬಿಸಿಲುಗಳಿಂದಲೇ ಆಲೂಗೆಡ್ಡೆಯನ್ನು ಹೀಗೆ ಒಣಗಿಸಿಡುವುದನ್ನು ಶತಮಾನಗಳ ಹಿಂದೆಯೇ ಕಲಿತಿದ್ದರು. ಎರಡನೇ ಮಹಾಯುದ್ಧದಲ್ಲಿ ರಕ್ತದ ಪ್ಲಾಸ್ಮಾವನ್ನು ರಣರಂಗಕ್ಕೆ ಸಾಗಿಸಿದ್ದೂ ಈ ವಿಧಾನದಿಂದ.

ಖರ್ಚಿನ ಲೆಕ್ಕವನ್ನು ಹುಡುಗನ ಕೈಯಲ್ಲೇ ಮಾಡಿಸಿದೆ. ಇಪ್ಪತ್ತು ಕೆ.ಜಿ. ಹಣ್ಣು ಬಿಡಿಸಿದರೆ ಹತ್ತು ಕೆ.ಜಿ.ಯ ಆಸುಪಾಸು ಕಾಳು. ಅದರಲ್ಲಿ ಎಂಟು ಕೆ.ಜಿ.ಯಷ್ಟು ನೀರು. ಒಂದು ಕೆ.ಜಿ. ಮಂಜನ್ನು ಆವಿ ಮಾಡಲು ಸುಮಾರು 2,834 ಕಿಲೋಜೌಲ್ ಶಾಖ ಬೇಕು. ಎಂಟು ಕೆ.ಜಿ.ಗೆ ವಿದ್ಯುತ್ತಿನ ಲೆಕ್ಕದಲ್ಲಿ 6.3 ಯೂನಿಟ್. ಇದು ಆವಿ ಮಾಡುವುದಕ್ಕೆ ಮಾತ್ರ. ಹೆಪ್ಪುಗಟ್ಟಿಸಲು, ಪಂಪು ಓಡಿಸಲು, ಬಂದ ಆವಿಯನ್ನು ಮತ್ತೆ ಮಂಜಾಗಿಸಿ ಹಿಡಿಯಲು ಇದರ ಹಲವು ಪಟ್ಟು ಬೇಕು. ಕಾಳಿನ ತೆಳುಪೊರೆ ಆವಿಯನ್ನು ತಡೆಯುವುದರಿಂದ ಕೆಲಸ ನಿಧಾನ. ಕೊನೆಗೆ ಕೈಗೆ ಬರುವುದು ಎರಡು ಕೆ.ಜಿ. ಕರೆಂಟು ನಡುವೆ ಕೈಕೊಟ್ಟರೆ ಮಂಜು ಕರಗಿ ಕಾಳು ಅಂಟುಂಡೆಯಾಗುತ್ತದೆ. ತಂದೆ ಏನೂ ಮಾತಾಡಲಿಲ್ಲ.

ಇನ್ನು ಕ್ರಿಮಿಗಳ ವಿಷಯ. ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಜೀವಂತ ಇಡುವುದು ಹೇಗೆ ಗೊತ್ತೆ? ಇದೇ ವಿಧಾನದಿಂದ! ಬಿ.ಸಿ.ಜಿ. ಲಸಿಕೆಯ ಪುಡಿಯಲ್ಲಿರುವುದೂ ಹೀಗೆ ಒಣಗಿಸಿದ ಜೀವಂತ ಬ್ಯಾಕ್ಟೀರಿಯಾಗಳೇ. ನೀರಿಲ್ಲದೆ ಅವು ಬೆಳೆಯಲಾರವು, ಅಷ್ಟೆ. ಕೆಲವು ಸತ್ತರೂ ಉಳಿದವು ನಿದ್ದೆಯಲ್ಲಿರುತ್ತವೆ. ವೈರಸ್‌ಗಳು ಶೀತಕ್ಕೆ ಇನ್ನೂ ಗಟ್ಟಿ. 2013ರಲ್ಲಿ ಅಮೆರಿಕದಲ್ಲಿ ಹೆಪ್ಪುಗಟ್ಟಿಸಿದ ಹಣ್ಣಿನ ಮಿಶ್ರಣ ತಿಂದು 160ಕ್ಕೂ ಹೆಚ್ಚು ಜನ ಹೆಪಟೈಟಿಸ್–ಎ ಕಾಮಾಲೆಗೆ ತುತ್ತಾದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಟರ್ಕಿಯಿಂದ ಬಂದ ದಾಳಿಂಬೆ ಕಾಳು. ಈ ವೈರಸ್ ಹರಡುವುದು ಮಲದ ಸೋಂಕು ತಗುಲಿದ ಕೈ ಅಥವಾ ನೀರಿನಿಂದ.

ದಾಳಿಂಬೆಯ ಸಿಪ್ಪೆ ಗಟ್ಟಿ, ಒಳಗಿನ ಕಾಳು ಶುದ್ಧ ಎಂದು ನಾವು ನಂಬಿರುತ್ತೇವೆ. ಸಿಪ್ಪೆಯ ಮೇಲಿನ ಕೊಳೆಯನ್ನು ಒಳಗೆ ಒಯ್ಯುವುದು ನಮ್ಮದೇ ಚಾಕು. ಆದ್ದರಿಂದ ಕೊಯ್ಯುವ ಮೊದಲು ಇಡೀ ಹಣ್ಣನ್ನು ತೊಳೆಯಬೇಕು. ಬಿರುಕಿನ ಮೂಲಕ ಬೂಷ್ಟು ಆಗಲೇ ಒಳಸೇರಿರಬಹುದು. ಕೆಲವು ಬೂಷ್ಟುಗಳ ವಿಷ ಒಣಗಿಸಿದರೂ ಹೋಗದು. ಚುಕ್ಕೆ ಸಿಪ್ಪೆಯಲ್ಲೇ ನಿಂತು ಒಳಗಿನ ಕಾಳು ಚೆನ್ನಾಗಿದ್ದರೆ ಆರಿಸಿಕೊಳ್ಳಬಹುದು. ಒಡೆದದ್ದು ಬೇಡವೇ ಬೇಡ.

ಆಹಾರ ಸುರಕ್ಷತೆ ಎಂದರೆ ಇನ್ಸ್‌ಪೆಕ್ಟರ ಕಾಟ ಎನ್ನುವವರೇ ಹೆಚ್ಚು. 2006ರ ಕಾಯಿದೆ, 2011ರ ನಿಯಮಗಳನ್ನು ಓದಿದರೆ ಅವು ಹೇಳುವುದು ಮೇಲಿನ ಮಾತನ್ನೇ. ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು. ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು. ಕೈ ತೊಳೆಯಲು ಸೌಕರ್ಯ ಇರಬೇಕು. ಸಣ್ಣ ವಹಿವಾಟಿಗೆ ನೋಂದಣಿ, ದೊಡ್ಡದಕ್ಕೆ ಪರವಾನಗಿ. ಎರಡಕ್ಕೂ 14 ಅಂಕಿಯ ಸಂಖ್ಯೆ ಕೊಡುತ್ತಾರೆ, ಅದು ಪೊಟ್ಟಣದ ಮೇಲಿರಬೇಕು. ತಂಡದ ಸಂಖ್ಯೆ, ತಯಾರಾದ ದಿನವೂ ಇರಬೇಕು. ಟರ್ಕಿಯ ಕಾಳಿನ ಜಾಡು ಸಿಕ್ಕಿದ್ದು ಇಂಥ ದಾಖಲೆಗಳಿಂದಲೇ.

ಪೊಟ್ಟಣವೂ ಮುಖ್ಯ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವುದನ್ನು ಕಂಡಿದ್ದೀರಿ. ಈ ಕಾಳು ಅದಕ್ಕಿಂತ ಬೇಗ ತೇವ ಹೀರುತ್ತದೆ. ತೇವ ಸಿಕ್ಕೊಡನೆ ಮಲಗಿದ್ದ ಬೂಷ್ಟು ಏಳುತ್ತದೆ. ಅಲ್ಯೂಮಿನಿಯಂ ಪದರವಿರುವ ಚೀಲವೇ ಆಗಬೇಕು.

‘ಜೊತೆಗೆ ನೇರಳೆ ಹಣ್ಣನ್ನೂ ಒಣಗಿಸಿ, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಬರೆದರೆ ಚೆನ್ನಾಗಿ ಓಡುತ್ತದೆ ಸಾರ್’ ಎಂದ ಹುಡುಗ. ನನಗೆ ಸಿಟ್ಟು ಬಂತು. ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ? ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ ಎಂದೂ ಹೇಳಿದೆ. ಸಿಟ್ಟಿಗಿಂತ ಅದು ಹೆಚ್ಚು ನಾಟಿತು! ಅಂದಹಾಗೆ, ಸಸ್ಯಶಾಸ್ತ್ರದ ಪ್ರಕಾರ ನೇರಳೆ ‘ಬೆರಿ’, ಬದನೆ ‘ಬೆರಿ’, ದಾಳಿಂಬೆಯೂ ಒಂದು ಬಗೆಯ ‘ಬೆರಿ’. ಸ್ಟ್ರಾಬೆರಿ ಮಾತ್ರ ಅಲ್ಲ!

ಮೈಸೂರಿನ ಸಿ.ಎಫ್.ಟಿ.ಆರ್.ಐ. 1950ರಿಂದ ಆಹಾರ ಸಂಸ್ಕರಣೆಯ ಸಂಶೋಧನೆ ನಡೆಸುತ್ತಿದೆ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಭಾರತೀಯ ತಿನಿಸು ಸಿದ್ಧಪಡಿಸಿದ್ದು ಅದೇ ಊರಿನ ರಕ್ಷಣಾ ಆಹಾರ ಪ್ರಯೋಗಾಲಯ. ಸಾಲದ ಅರ್ಜಿ ಬರೆಯುವ ಮೊದಲು ಮೈಸೂರಿನಲ್ಲಿ ತಿಳಿದವರನ್ನು ಕೇಳಿ, ಒಂದು ತಂಡ ಕಾಳನ್ನು ಬಾಡಿಗೆ ಯಂತ್ರದಲ್ಲಿ ಒಣಗಿಸಿ ನೋಡಿ ಎಂದೆ.

ತಂದೆ ಎದ್ದು ನಿಂತವರು, ‘ನಮ್ಮ ಬೋರಿನ ನೀರು ನಡೀತದಾ?’ ಎಂದರು. ನಮ್ಮ ಈ ಎರಡೂ ತಾಲ್ಲೂಕುಗಳಲ್ಲಿ ಫ್ಲೋರೈಡ್ ಕಾಟ ಇದ್ದದ್ದೇ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ಮಾರನೆಯ ದಿನ ಹುಡುಗ ತೊಳೆದ ಬಾಟಲಿಯಲ್ಲಿ ಬೋರಿನ ನೀರು ಹಿಡಿದು, ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ, ಚಿತ್ರದುರ್ಗದ ಬಸ್ಸು ಹತ್ತಿದ.