ಬಿದಿರಿನ ಬೇರಲ್ಲಿ ಭಾಗ್ಯದೇವತೆಗಳು

ನಾಗಪುರದ ಇತವಾರಿಯಂಥ ಹಳೆಯ ಪೇಟೆಗಳ ಗಿರಾಕಿಗೆ ಬಿದಿರು ಎಂದರೆ ಬುಟ್ಟಿ, ಮೊರ, ಏಣಿ. ಅವನ್ನು ಹೆಣೆಯುವವರು ಅಲ್ಲಿನ ಬುರುಡರು, ಕನ್ನಡ ನಾಡಿನಲ್ಲಿ ಮೇದಾರರು. ಜಪಾನಿನ ಶಿಲ್ಪಿಗಳಾದರೋ ಬಿದಿರನ್ನು ಸೀಳಿ ಹೆಣೆಯುವುದರ ಜೊತೆಗೆ, ಗೆಣ್ಣುಗಳು ಒತ್ತೊತ್ತಾಗಿದ್ದು ಗೋಡೆ ದಪ್ಪವಾಗಿರುವ ಬುಡವನ್ನು ಬೇರುಸಹಿತ ಕಿತ್ತು, ಒಣಗಿಸಿ, ಅದರಲ್ಲಿ ಮೂರ್ತಿಗಳನ್ನು ಕೆತ್ತುತ್ತಾರೆ. ಆಗ ಬೇರಿನ ಎಳೆಗಳೇ ಗಡ್ಡವೋ ಕೂದಲೋ ಆಗಿ ಉಳಿಯುತ್ತವೆ.

ಇಂಥ ಕೆತ್ತನೆಗೆ ಪ್ರಿಯವಾದ ವಸ್ತುಗಳಲ್ಲಿ ‘ಶಿಚಿಫುಕುಜಿನ್’, ಎಂದರೆ ಏಳು ಭಾಗ್ಯದೇವತೆಗಳು, ಮುಖ್ಯರು. ಅವರಲ್ಲಿ ಮೀನು ಹಿಡಿದ ಎಬಿಸು ಒಬ್ಬನೇ ಜಪಾನಿನ ಮೂಲದವನು. ಹೊಟ್ಟೆಯುಬ್ಬಿದ ಹೊತೈ, ನೀಳತಲೆಯ ಫುಕುರೊಕುಜು, ದೀರ್ಘಾಯುಷ್ಯದ ಜುರೋಜಿನ್ ಚೀನಾದಿಂದ ಬಂದವರು. ಉಳಿದ ಮೂವರು ನಮ್ಮವರೇ: ವಾದ್ಯ ಹಿಡಿದ ಬೆಂಜೈತೆನ್ ಸರಸ್ವತಿ, ಕವಚಧಾರಿ ಬಿಶಾಮೊನ್‌ತೆನ್ ವೈಶ್ರವಣ ಅಥವಾ ಕುಬೇರ, ಅಕ್ಕಿಮೂಟೆಯ ಮೇಲೆ ನಿಂತ ದೈಕೊಕುತೆನ್ ಮಹಾಕಾಲ. ಉಗ್ರನಾದ ಮಹಾಕಾಲನು ಬೌದ್ಧಧರ್ಮದೊಡನೆ ಚೀನಾವನ್ನು ಹಾದು, ಜಪಾನಿನಲ್ಲಿ ಸುತ್ತಿಗೆ ಹಿಡಿದ ನಗುಮುಖದ ಅನ್ನದಾತನಾದದ್ದು ಧರ್ಮಗಳ ಚರಿತ್ರೆಯಲ್ಲಿ ಅತ್ಯಂತ ಸೊಗಸಾದ ರೂಪಾಂತರಗಳಲ್ಲಿ ಒಂದು.

ನಾಗಪುರಕ್ಕೂ ಜಪಾನಿನ ಬೌದ್ಧ ನಂಟು ಹೊಸತಲ್ಲ. ಸಮೀಪದ ಕಾಮಠಿಯಲ್ಲಿ ಜಪಾನಿನ ನೆರವಿನಿಂದ ಕಟ್ಟಲಾದ ಡ್ರ್ಯಾಗನ್ ಪ್ಯಾಲೇಸ್ ಬುದ್ಧಮಂದಿರ 1999ರಲ್ಲಿ ತೆರೆಯಿತು, ಅಲ್ಲಿನ ಬುದ್ಧನ ಮೂರ್ತಿಯನ್ನು ಗಂಧದ ಮರದಲ್ಲಿ ಕೆತ್ತಲಾಗಿದೆ.